ಬೊಲೋನ್ಯದ ಒಂದು ದಿನ: ನೆರಳಿಗೆ ಮೆಚ್ಚುಗೆ, ತಟ್ಟೆಗೆ ತಕರಾರು

ರೋಮ್, ಫ್ಲಾರೆನ್ಸ್, ವೆನಿಸ್. ನಮ್ಮ ಪ್ಯಾಕೇಜ್ ಟೂರುಗಳ ಇಟಲಿ ಬಹುಮಟ್ಟಿಗೆ ಇಷ್ಟರಲ್ಲೇ ಮುಗಿಯುತ್ತದೆ. ಫ್ಲಾರೆನ್ಸಿನಿಂದ ವೆನಿಸ್ಸಿಗೆ ಹೋಗುವ ರೈಲು ನಡುವೆ ಬೊಲೋನ್ಯದಲ್ಲಿ ನಿಂತರೂ ನಮ್ಮವರು ಇಳಿಯುವುದು ಅಪರೂಪ. ಇಳಿದವರಿಗೆ ಪ್ರವಾಸಿ ಪುಸ್ತಕಗಳು ಕೊಡುವ ಭರವಸೆ ಎರಡು: ಆರಾಮಾಗಿ ಅಡ್ಡಾಡಿ, ಹೊಟ್ಟೆ ತುಂಬ ಉಣ್ಣಿ. ಮೊದಲನೆಯದನ್ನು ಊರು ಬಡ್ಡಿಸಮೇತ ತೀರಿಸುತ್ತದೆ. ಎರಡನೆಯದರ ಬಗ್ಗೆ ನನ್ನ ತಕರಾರಿದೆ.

ಅಡ್ಡಾಟದ ಸುಖವೆಲ್ಲ ಇರುವುದು ಪೋರ್ಟಿಕೊಗಳಲ್ಲಿ. ಬೀದಿಯ ಬದಿಗೆ, ಮನೆಗಳ ಮೇಲ್ಮಹಡಿಯ ಕೆಳಗೆ, ಕಮಾನಿನಿಂದ ಕಮಾನಿಗೆ ಸಾಗುವ ಈ ನೆರಳುದಾರಿಗಳು ಒಟ್ಟು 62 ಕಿಲೋಮೀಟರ್ ಇವೆ. 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ವಿಶ್ವವಿದ್ಯಾಲಯದ ಊರು, ಜನ ಹೆಚ್ಚಿದರು, ಜಾಗ ಸಾಲಲಿಲ್ಲ. ಮನೆಯವರು ಮೇಲಿನ ಕೋಣೆಗಳನ್ನು ಬೀದಿಯ ಮೇಲಕ್ಕೆ ಚಾಚಿ ಕೆಳಗೆ ಕಂಬ ಕೊಟ್ಟರು. ಒತ್ತುವರಿ ಎಂದು ಒಡೆಸುವ ಬದಲು ನಗರಾಡಳಿತ 1288ರಲ್ಲಿ ಅದನ್ನೇ ಕಡ್ಡಾಯ ಮಾಡಿತು. ಜಾಗ ಮನೆಯವರದು, ದುರಸ್ತಿಯೂ ಅವರದೇ, ನಡೆಯುವ ಹಕ್ಕು ಮಾತ್ರ ಎಲ್ಲರದು. ನಮ್ಮೂರ ಜಗಲಿಯಲ್ಲಿ ದಾರಿಹೋಕ ಕೂರುವುದು ಯಜಮಾನನ ದಾಕ್ಷಿಣ್ಯದ ಮೇಲೆ. ಇಲ್ಲಿ ಅದು ಕಾನೂನು. ಸ್ತ್ರಾದಾ ಮಜೋರೆಯ ಇಸೊಲಾನಿ ಮನೆಯ ಮುಂದೆ ನಿಂತು ಮೇಲೆ ನೋಡಿ: ಹದಿಮೂರನೆಯ ಶತಮಾನದ ಮರದ ಕಂಬಗಳು, ಉದ್ದಕ್ಕೂ ಬಿರುಕು, ಕಪ್ಪಿಟ್ಟ ಮೈ. ಇವತ್ತಿಗೂ ಮೂರನೆಯ ಮಹಡಿಯನ್ನು ಹೊತ್ತುಕೊಂಡೇ ಇವೆ.

ಜೋಡಿ ಗೋಪುರಗಳನ್ನು ಹತ್ತಬೇಕೆಂಬ ಆಸೆ ಬಿಡಿ. ವಾಲಿದ ಗರಿಸೆಂದಾ ಬಿದ್ದೀತೆಂಬ ಆತಂಕದಲ್ಲಿ 2023ರ ಅಕ್ಟೋಬರಿನಿಂದ ಸುತ್ತಲಿನ ಜಾಗಕ್ಕೆ ಬೇಲಿ ಬಿದ್ದಿತು. 97 ಮೀಟರಿನ ಅಸಿನೆಲ್ಲಿಯೂ ಮುಚ್ಚಿತು. ಅದಕ್ಕಿಂತ ಸಾನ್ ಪೆತ್ರೋನಿಯೊ ಚರ್ಚು ವಾಸಿ. 1390ರಲ್ಲಿ ಶುರುವಾದ ಅದರ ಮುಂಗೋಡೆಗೆ ಅಮೃತಶಿಲೆ ಅರ್ಧದವರೆಗೆ ಮಾತ್ರ ಏರಿದೆ, ಮೇಲೆ ಬರೀ ಇಟ್ಟಿಗೆ. ಒಳಗೆ ನೆಲದಲ್ಲಿ ಖಗೋಳಜ್ಞ ಕಸ್ಸೀನಿ 1655ರಲ್ಲಿ ಹಾಕಿದ ಸುಮಾರು 67 ಮೀಟರಿನ ಗೆರೆ. ಛಾವಣಿಯ ಸಣ್ಣ ತೂತಿನಿಂದ ಇಳಿದ ಬಿಸಿಲಿನ ಬಿಲ್ಲೆ ನಡುಹಗಲಲ್ಲಿ ಆ ಗೆರೆ ದಾಟುತ್ತದೆ, ಎಲ್ಲಿ ದಾಟಿತೆಂಬುದರಿಂದ ತಾರೀಖು ತಿಳಿಯುತ್ತದೆ. ಬೇಸಿಗೆಯ ಗಡಿಯಾರದಲ್ಲಿ ಅದು ಒಂದೂಕಾಲರ ಸುಮಾರು. ಊಟದ ಹೊತ್ತು ನಿಜ. ಆದರೂ ಇದನ್ನು ಬಿಡಬಾರದು. ಅಡುಗೆಮನೆಗಳು ಎರಡೂವರೆಯ ಹೊತ್ತಿಗೆ ಬಾಗಿಲು ಹಾಕುತ್ತವೆ ಎಂಬುದು ನೆನಪಿರಲಿ.

ಇನ್ನು ಊಟ. ಇಲ್ಲಿನ ಮಾಂಸದ ಗೊಜ್ಜಾದ ರಗುವಿನ ಅಧಿಕೃತ ಪಾಕವಿಧಾನವನ್ನು 1982ರಲ್ಲಿ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದಾರೆ. ಅದರ ಜೊತೆಗಿನ ಪಟ್ಟಿಯಂಥ ಪಾಸ್ತಾ ತಾಲ್ಯತೆಲ್ಲೆಯ ಅಗಲವನ್ನಂತೂ 1972ರಲ್ಲೇ ನಿಗದಿ ಮಾಡಿದ್ದರು: ಬೆಂದ ಮೇಲೆ 8 ಮಿಲಿಮೀಟರ್, ಅಂದರೆ ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ. ತಮಾಷೆಗೆ ಚೆಂದ. ಆದರೆ 1288ರ ಕಟ್ಟಳೆ ಮನೆಯ ಯಜಮಾನನ ಕೈ ಕಟ್ಟಿಹಾಕಿತ್ತು, ಈ ಕಟ್ಟಳೆ ಯಾವ ಅಡುಗೆಯವರನ್ನೂ ಕಟ್ಟಿಹಾಕುವುದಿಲ್ಲ. ದೊಡ್ಡ ಚೌಕದ ಹಿಂದಿನ ಕ್ವಾದ್ರಿಲಾತೆರೊ ಮಾರುಕಟ್ಟೆಯ ಓಣಿಗಳಲ್ಲಿ ‘ಸಾಂಪ್ರದಾಯಿಕ’ ಎಂಬ ಬೋರ್ಡಿಗೆ ಬರವಿಲ್ಲ. ಅಂಥದ್ದೇ ಒಂದು ಕಡೆ ನನ್ನ ಮುಂದೆ ಬಂದದ್ದು ಎಣ್ಣೆ ಒಂದು ಕಡೆ, ಮಾಂಸ ಒಂದು ಕಡೆಯಾದ ರಗು; ಜೊತೆಗೆ ಕೂತದ್ದಕ್ಕೆ ತೆರುವ ‘ಕೋಪೆರ್ತೊ’.

ಎಲ್ಲವೂ ಹೀಗಲ್ಲ. ಓಣಿಯಿಂದಾಚೆ ಒಂದು ಚಿಕ್ಕ ಹೋಟೆಲಿನಲ್ಲಿ ಹೂರಣ ತುಂಬಿದ ಪಾಸ್ತಾ ತೊರ್ತೆಲ್ಲಿನಿ ತಿಂದೆ. ಕಿರುಬೆರಳ ಉಗುರಿನಷ್ಟು ಪುಟಾಣಿ ಮಡಿಕೆಗಳು, ತಿಳಿಬಂಗಾರದ ಸಾರು, ಕಚ್ಚಿದಾಗ ಕೊನೆಗೆ ಉಳಿಯುವ ಜಾಯಿಕಾಯಿಯ ಘಮ. ಸಸ್ಯಾಹಾರಿಗಳು ಹೆಸರಿಗೆ ಮೋಸಹೋಗಬೇಡಿ: ಒಳಗೆ ಹಂದಿಮಾಂಸ, ಸಾರು ಕೋಳಿಯದು. ರಿಕೊತ್ತಾ ಚೀಸು ತುಂಬಿದ ದೊಡ್ಡ ತೊರ್ತೆಲ್ಲೊನಿ ಕೇಳಿ. ಕಟ್ಟುನಿಟ್ಟಿನವರಿಗೆ ಅದೂ ಕಷ್ಟವೇ. ಅದಕ್ಕೆ ಬೀಳುವ ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ.

ಸಂಜೆಗೆ ನನ್ನ ಶಿಫಾರಸು ಅದೇ ಕ್ವಾದ್ರಿಲಾತೆರೊದ ಒಸ್ತೆರಿಯಾ ದೆಲ್ ಸೋಲೆ. 1465ರಿಂದ ನಡೆದುಬಂದದ್ದು ಎನ್ನುತ್ತಾರೆ. ಇಲ್ಲಿ ಅಡುಗೆಯೇ ಇಲ್ಲ, ಕೊಳ್ಳಬೇಕಾದ್ದು ಕುಡಿಯುವುದನ್ನು ಮಾತ್ರ. ಎದುರಿನ ಅಂಗಡಿಯಿಂದ ಬ್ರೆಡ್ಡು, ಚೀಸು, ಬೇಕಿದ್ದವರು ಕಾಗದದಷ್ಟು ತೆಳ್ಳಗೆ ಕೊಯ್ದ ಹಂದಿಮಾಂಸದ ಮೊರ್ತದೆಲ್ಲಾ ಕಟ್ಟಿಸಿಕೊಂಡು ಬಂದು ಉದ್ದನೆಯ ಮೇಜಿನಲ್ಲಿ ಯಾರ ಪಕ್ಕದಲ್ಲಾದರೂ ಕೂತು ಬಿಚ್ಚಬಹುದು. ಕಮಾನುಗಳ ಕೆಳಗೆ ಸಿಕ್ಕ ಔದಾರ್ಯ ಊಟದ ಮೇಜಿನಲ್ಲಿ ನನಗೆ ಸಿಕ್ಕದ್ದು ಇಲ್ಲೊಂದೇ ಕಡೆ, ಅದೂ ಊಟ ಬಡಿಸದ ಜಾಗದಲ್ಲಿ.