ಹಿತ್ತಲಿಗೆ ಬರಲಿ ಕರಂಡೆ
ಹಿತ್ತಲಿಗೆ ಒಂದೇ ಹಣ್ಣಿನ ಗಿಡ ಆರಿಸಿಕೊಳ್ಳಿ ಎಂದರೆ ನಾನು ಕರಂಡೆಯನ್ನೇ ಆರಿಸುತ್ತೇನೆ. ಮಲೆನಾಡಿನವರು ಕವಳಿ ಎನ್ನುವ ಈ ಮುಳ್ಳುಪೊದೆಗೆ ಕಲ್ಲುನೆಲವೂ ಸಾಕು. ಬಿಸಿಲು ಬೀಳಬೇಕು, ನೀರು ನಿಲ್ಲಬಾರದು, ಅಷ್ಟೇ. ಹಣ್ಣಿನಿಂದ ತೆಗೆದ ಬೀಜವನ್ನು ಒಣಗಿಸಿಡದೆ ಕೂಡಲೇ ಬಿತ್ತಬೇಕು. ತಡವಾದಷ್ಟೂ ಮೊಳೆಯುವ ಕಸುವು ಕುಂದುತ್ತದೆ. ಬೇರೂರಿದ ಮೇಲೆ ಕಡುಬೇಸಿಗೆಯನ್ನೂ ತಾಳಿಕೊಳ್ಳುತ್ತದೆ.

ಮುಳ್ಳಿನಿಂದ ಬೇಲಿ ಕಾಯುತ್ತದೆ, ಮಲ್ಲಿಗೆಯಂಥ ಬಿಳಿ ಹೂವಿನಿಂದ ಅಂಗಳಕ್ಕೆ ಪರಿಮಳ ಕೊಡುತ್ತದೆ. ಹಾಲು ಸೋರುವ ಹುಳಿಗಾಯಿ ಉಪ್ಪಿನಕಾಯಿಗೆ, ಕಪ್ಪೇರಿದ ಸಿಹಿಹುಳಿ ಹಣ್ಣು ನೇರ ಬಾಯಿಗೆ. ಪೆಕ್ಟಿನ್ ಹೇರಳವಾಗಿರುವುದರಿಂದ ಜೆಲ್ಲಿಯೂ ಸೊಗಸಾಗಿ ಗಟ್ಟಿಯಾಗುತ್ತದೆ. ಇಷ್ಟು ಕಡಿಮೆ ಬೇಡಿ ಇಷ್ಟೆಲ್ಲ ಕೊಡುವ ಗಿಡ ಅಪರೂಪ. ಗುಡ್ಡಗಳು ಸೈಟುಗಳಾಗುತ್ತಿರುವ ಈ ಕಾಲದಲ್ಲಿ ಅದನ್ನು ಉಳಿಸಿಕೊಳ್ಳಲು ನಮ್ಮ ಕಾಂಪೌಂಡಿನ ಅಂಚೇ ತಕ್ಕ ಜಾಗ. ಈ ಮಳೆಗಾಲದಲ್ಲೇ ಒಂದು ಸಸಿ ನೆಡಿ.