ವರ್ಜೀನಿಯಾ ವುಲ್ಫರ ಕೇಂಬ್ರಿಜ್ ಉಪನ್ಯಾಸಗಳಲ್ಲಿ ಮತಾಧಿಕಾರದ ಸ್ಥಾನ

ಆಂಗ್ಲ ಲೇಖಕಿ ವರ್ಜೀನಿಯಾ ವುಲ್ಫರು ೧೯೨೮ನೆಯ ಅಕ್ಟೋಬರಿನಲ್ಲಿ ಕೇಂಬ್ರಿಜಿನ ನ್ಯೂನಮ್, ಗರ್ಟನ್ ಎಂಬ ಸ್ತ್ರೀವಿದ್ಯಾಲಯಗಳಲ್ಲಿ ಮಾಡಿದ ಉಪನ್ಯಾಸಗಳೇ ವಿಸ್ತಾರಗೊಂಡು ಮರುವರ್ಷ ‘ಎ ರೂಮ್ ಆಫ್ ಒನ್ಸ್ ಓನ್’ ಎಂಬ ಗ್ರಂಥವಾದುವು. ವಿಷಯವು ಸ್ತ್ರೀಯರೂ ಕಾದಂಬರಿಯೂ. ಅದರ ಮರ್ಮವಾದರೋ ರಾಜಕೀಯವಾದುದು. ಅದೇ ವರ್ಷದ ಜುಲೈ ತಿಂಗಳಲ್ಲಿ ಬ್ರಿಟನ್ನಿನ ಸ್ತ್ರೀಯರಿಗೆ ಪುರುಷರೊಡನೆ ಸಮನಾದ ಮತಾಧಿಕಾರವು ದೊರೆತಿದ್ದಿತು. ಹೀಗಿದ್ದೂ ಗ್ರಂಥದ ನಿರೂಪಕಿಯು, ಬೊಂಬಾಯಿಯಲ್ಲಿ ಕುದುರೆಯಿಂದ ಬಿದ್ದು ಸತ್ತ ಸೋದರತ್ತೆಯಿಂದ ತನಗೆ ಬಂದ ವರ್ಷಕ್ಕೆ ೫೦೦ ಪೌಂಡಿನ ಆದಾಯವನ್ನು ಮತಾಧಿಕಾರಕ್ಕಿಂತ ಮಿಗಿಲೆಂದೆಣಿಸುತ್ತಾಳೆ.

ಬರೆಯುವವಳ ಮಟ್ಟಿಗೆ ಈ ಮಾತು ದಿಟ. ಹಂಗಿನ ಅನ್ನವನ್ನುಂಡು ನಿರ್ಭಯವಾಗಿ ಬರೆಯುವುದು ಯಾರಿಂದ ಸಾಧ್ಯ? ಆದರೆ ತತ್ತ್ವವಾಗಿ ಇದು ನಿಲ್ಲದು. ವಿವಾಹಿತೆಯು ಆಸ್ತಿಯನ್ನು ತನ್ನದೆನ್ನಲು ಸಾಧ್ಯವಾದುದು ಪಾರ್ಲಿಮೆಂಟಿನ ೧೮೮೨ರ ಶಾಸನದಿಂದ. ಅದಕ್ಕೆ ಸ್ತ್ರೀಯರ ಮತವೇ ಬೇಕಾಗಲಿಲ್ಲವಲ್ಲ ಎಂದು ಆಕ್ಷೇಪಿಸಬಹುದು. ಪುರುಷರು ಕೊಟ್ಟುದನ್ನು ಪುರುಷರೇ ಹಿಂದೆಗೆಯಬಹುದಾಗಿದ್ದಿತೆಂಬುದನ್ನು ಮರೆಯಲಾಗದು.

ಸ್ತ್ರೀವಿದ್ಯಾಲಯದ ಸಪ್ಪೆಯೂಟವನ್ನು ವುಲ್ಫರು ಅತಿ ರಮ್ಯವಾಗಿ ಚಿತ್ರಿಸಿದ್ದಾರೆ. ಗ್ರಂಥದ ಉತ್ತಮ ಭಾಗಗಳಲ್ಲಿ ಅದೂ ಒಂದು. ಆದರೆ ಉಪನ್ಯಾಸವನ್ನು ಕೇಳುತ್ತಿದ್ದ ವಿದ್ಯಾರ್ಥಿನಿಯರ ಕೊರತೆ ಊಟದ್ದು ಮಾತ್ರವಲ್ಲ. ಅವರಿಗೆ ವಿಶ್ವವಿದ್ಯಾಲಯದ ಪೂರ್ಣ ಸದಸ್ಯತ್ವವನ್ನು ೧೯೨೧ರಲ್ಲಿ ನಿರಾಕರಿಸಿದುದು ಅಲ್ಲಿನ ಪುರುಷರ ಮತಗಳೇ. ಗರ್ಟನ್ನಿಗೆ ಎಷ್ಟು ಹಣ ಹರಿದುಬಂದಿದ್ದರೂ ಆ ಮತಗಳನ್ನು ಕೊಳ್ಳಲಾಗುತ್ತಿರಲಿಲ್ಲ. ಪೂರ್ಣ ಪದವಿಯು ಅವರಿಗೆ ದೊರೆತುದು ೧೯೪೮ರಲ್ಲಿ. ವುಲ್ಫರು ತೀರಿಕೊಂಡು ಆಗಲೇ ಏಳು ವರ್ಷಗಳಾಗಿದ್ದುವು.