ಮಡಿಯಲ್ಲಿ ಕಟ್ಟಿದ ಪ್ಯಾಕೇಜು

ಯಾವ ಲಿನಕ್ಸ್ ಹಾಕಿಕೊಳ್ಳಲಿ ಎಂದು ಕೇಳುವವರು ಸಾಮಾನ್ಯವಾಗಿ ಡೆಸ್ಕ್‌ಟಾಪಿನ ಅಂದಚೆಂದ ನೋಡಿ ಅರ್ಧ ತೀರ್ಮಾನಕ್ಕೆ ಬಂದಿರುತ್ತಾರೆ. ನಾನು ನೋಡುವುದೇ ಬೇರೆ. ಅದರ ಪ್ಯಾಕೇಜುಗಳನ್ನು ಯಾವ ಯಂತ್ರ ಕಂಪೈಲ್ ಮಾಡಿತು, ಆಗ ಆ ಯಂತ್ರದೊಳಗೆ ಏನೇನಿತ್ತು, ಕಟ್ಟಿದ ಲಾಗ್ ನನ್ನಂಥವನಿಗೆ ಓದಲು ಸಿಗುತ್ತದೆಯೇ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಮಿಕ್ಕದ್ದೆಲ್ಲ ಆಮೇಲೆ. ಈ ಲೆಕ್ಕದಲ್ಲಿ ನನ್ನ ಮಟ್ಟಿಗೆ ಡೆಬಿಯನ್ನಿಗೇ ಮೊದಲ ಮಣೆ.

2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13ರಲ್ಲಿ 69,830 ಪ್ಯಾಕೇಜುಗಳಿವೆ. ಅಧಿಕೃತವಾಗಿ ಬೆಂಬಲ ಇರುವ ಆರ್ಕಿಟೆಕ್ಚರ್‌ಗಳು ಏಳು. ನಮ್ಮ ಲ್ಯಾಪ್‌ಟಾಪುಗಳ ಎಎಂಡಿ64ರಿಂದ ಹಿಡಿದು ಐಬಿಎಂ ಮೇನ್‌ಫ್ರೇಮಿನ ಎಸ್390ಎಕ್ಸ್‌ವರೆಗೆ, ಈ ಸಲ ಹೊಸದಾಗಿ ಸೇರಿದ ರಿಸ್ಕ್-ವಿ ಕೂಡ ಸೇರಿ. ಇಷ್ಟನ್ನೂ ನಮ್ಮ ಪರವಾಗಿ ಮೊದಲೇ ಕಂಪೈಲ್ ಮಾಡಿ ಇಡುವುದರಿಂದಲೇ ನಾವು ಒಂದು ಆದೇಶ ಕೊಟ್ಟು ಅರೆ ನಿಮಿಷದಲ್ಲಿ ಕೆಲಸ ಮುಗಿಸುತ್ತೇವೆ.

ಒಂದು ಪ್ಯಾಕೇಜನ್ನು ಬಿಚ್ಚಿ ನೋಡೋಣ. ಕನ್ನಡದ ಗುಬ್ಬಿ ಫಾಂಟ್ ಡೆಬಿಯನ್ನಿನಲ್ಲಿದೆ, ನವಿಲು ಕೂಡ ಇದೆ. ಗುಬ್ಬಿಯ ಡೆಬ್ ಫೈಲನ್ನು ಇಳಿಸಿಕೊಂಡು 'ಎಆರ್' ಎಂಬ ಹಳೆಯ ಯುನಿಕ್ಸ್ ಉಪಕರಣಕ್ಕೆ ಕೊಟ್ಟರೆ ಒಳಗಿರುವುದು ಮೂರೇ ಫೈಲು. ಮೊದಲನೆಯದರಲ್ಲಿ 2.0 ಎಂಬ ಒಂದೇ ಸಾಲು, ಅದು ಡೆಬ್ ವಿನ್ಯಾಸದ ಆವೃತ್ತಿ. ಎರಡನೆಯದರಲ್ಲಿ ಪ್ಯಾಕೇಜಿನ ಜಾತಕ: ಹೆಸರು, ಆವೃತ್ತಿ, ನೋಡಿಕೊಳ್ಳುವವರು ಯಾರು, ಇನ್ನಾವ ಪ್ಯಾಕೇಜು ಬೇಕು. ಫಾಂಟ್ ಇರುವುದು ಮೂರನೆಯದರಲ್ಲಿ. ಜಾತಕದಲ್ಲಿ ಆರ್ಕಿಟೆಕ್ಚರ್ ಎಂಬ ಕಡೆ 'ಆಲ್' ಎಂದಿರುತ್ತದೆ. ಅಕ್ಷರದ ಆಕಾರಕ್ಕೆ ಯಾವ ಪ್ರೊಸೆಸರ್ ಆದರೇನು, ಒಮ್ಮೆ ಕಟ್ಟಿದರೆ ಎಲ್ಲರಿಗೂ ಆಯಿತು. ಲಿಬ್ರೆ ಆಫೀಸ್‌ನಂಥ ತಂತ್ರಾಂಶದ ಕಥೆ ಹಾಗಲ್ಲ. ಅದನ್ನು ಪ್ರತಿ ಆರ್ಕಿಟೆಕ್ಚರಿಗೂ ಬೇರೆ ಬೇರೆಯಾಗಿಯೇ ಕಂಪೈಲ್ ಮಾಡಬೇಕು.

ಈ ಕೆಲಸ ಮಾಡುವ ಯಂತ್ರಗಳಿಗೆ ಬಿಲ್ಡ್‌ಡಿ ಎಂದು ಹೆಸರು. ಡೆವಲಪರ್ ತನ್ನ ಡಿಜಿಟಲ್ ಸಹಿ ಹಾಕಿ ಸೋರ್ಸ್ ಕಳಿಸುತ್ತಾನೆ. ಯಾವ ಆರ್ಕಿಟೆಕ್ಚರಿಗೆ ಏನು ಕಟ್ಟುವುದು ಬಾಕಿ ಎಂಬ ಪಟ್ಟಿ ಒಂದು ಕಡೆ ಇರುತ್ತದೆ, ಬಿಡುವಾದ ಬಿಲ್ಡ್‌ಡಿ ಅಲ್ಲಿಂದ ಒಂದನ್ನು ಎತ್ತಿಕೊಳ್ಳುತ್ತದೆ. ಮುಂದಿನದನ್ನು ನೋಡಿದರೆ ನನಗೆ ಅಜ್ಜಿಯಂದಿರ ಮಡಿ ಅಡುಗೆಮನೆ ನೆನಪಾಗುತ್ತದೆ. ಕನಿಷ್ಠ ಸಾಮಗ್ರಿ ಮಾತ್ರ ಇರುವ ಹೊಸ ಕ್ರೂಟ್ ಒಂದನ್ನು, ಅಂದರೆ ಯಂತ್ರದ ಉಳಿದ ಫೈಲುಗಳಿಂದ ಬೇರ್ಪಡಿಸಿದ ಕೋಣೆಯೊಂದನ್ನು, ತೆರೆಯುತ್ತಾರೆ. ಪ್ಯಾಕೇಜು ತನಗೆ ಬೇಕೆಂದು ಬರೆದುಕೊಟ್ಟಿರುವ ಲೈಬ್ರರಿಗಳನ್ನಷ್ಟೇ ಒಳಗೆ ತರುತ್ತಾರೆ. ಕಟ್ಟುವಾಗ ಹೊರಗಿನ ಇಂಟರ್ನೆಟ್ ಮುಟ್ಟಬಾರದೆಂಬುದು ಡೆಬಿಯನ್ನಿನ ಲಿಖಿತ ನಿಯಮ. ಕಂಪೈಲ್ ಆಗಿ, ಪರೀಕ್ಷೆಗಳು ಓಡಿ, ಸಹಿ ಬಿದ್ದು ಪ್ಯಾಕೇಜು ಹೊರಗೆ ಬಂದ ಮೇಲೆ ಆ ಕ್ರೂಟನ್ನೇ ಅಳಿಸಿಹಾಕುತ್ತಾರೆ.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಡೆವಲಪರನ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಸೇರಿಕೊಂಡ ಎಷ್ಟೋ ವಸ್ತುಗಳಿರುತ್ತವೆ. ಬೇಕೆಂದು ಬರೆಯಲು ಮರೆತ ಲೈಬ್ರರಿ ಅಲ್ಲಿ ಹೇಗೋ ಇದ್ದುಬಿಡುತ್ತದೆ, ಕಂಪೈಲ್ ಸರಾಗವಾಗಿ ಆಗುತ್ತದೆ. ಅದೇ ಸೋರ್ಸ್ ಖಾಲಿ ಕ್ರೂಟಿಗೆ ಬಂದಾಗ ತಟ್ಟನೆ ನಿಲ್ಲುತ್ತದೆ. ಹಿಂದೆಲ್ಲ ಡೆವಲಪರುಗಳು ಸ್ವಂತ ಯಂತ್ರದಲ್ಲಿ ಕಟ್ಟಿದ ಬೈನರಿಯನ್ನೇ ಕಳಿಸುವುದು ಸಾಮಾನ್ಯವಾಗಿತ್ತು. 2019ರ ಜುಲೈಯಲ್ಲಿ ಡೆಬಿಯನ್ 10 ಹೊರಬಂದ ಬೆನ್ನಿಗೇ, ಅಂಥ ಬೈನರಿಗಳು ಮುಂದಿನ ಬಿಡುಗಡೆಗೆ ಸೇರುವಂತಿಲ್ಲ ಎಂದು ಬಿಡುಗಡೆ ತಂಡ ತೀರ್ಮಾನಿಸಿತು. ಕಳೆದ ಹತ್ತು ವರ್ಷಗಳಲ್ಲಿ ಡೆಬಿಯನ್ ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಇದೂ ಒಂದು ಎಂದು ನಾನು ಎಣಿಸುತ್ತೇನೆ.

ಹಲವು ಬಗೆಯ ಯಂತ್ರಗಳಲ್ಲಿ ಕಟ್ಟುವುದರಿಂದ ಇನ್ನೊಂದು ಲಾಭವಿದೆ. ಎಸ್390ಎಕ್ಸ್ ಯಂತ್ರ ಸಂಖ್ಯೆಯ ದೊಡ್ಡ ಬೈಟನ್ನು ಮೊದಲು ಇಡುತ್ತದೆ, ನಮ್ಮ ಲ್ಯಾಪ್‌ಟಾಪುಗಳು ಚಿಕ್ಕದನ್ನು. ಬೈಟುಗಳ ಸಾಲನ್ನು ಅಂದಾಜಿನ ಮೇಲೆ ಓದುವ ಕೋಡ್ ಲ್ಯಾಪ್‌ಟಾಪಿನಲ್ಲಿ ಎಷ್ಟು ವರ್ಷ ಬೇಕಾದರೂ ನಡೆದೀತು, ಮೇನ್‌ಫ್ರೇಮಿನ ಬಿಲ್ಡ್‌ಡಿಯಲ್ಲಿ ಪರೀಕ್ಷೆ ಓಡಿದ ಕ್ಷಣವೇ ಸಿಕ್ಕಿಬೀಳುತ್ತದೆ. ಮೇನ್‌ಫ್ರೇಮ್ ಯಾರ ಮನೆಯಲ್ಲಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ಆವೃತ್ತಿಯ ಕೊನೆಯಲ್ಲಿ '+ಬಿ1' ಎಂದು ಅಂಟಿಕೊಂಡಿರುವುದನ್ನು ನೀವೂ ನೋಡಿರಬಹುದು. ಸೋರ್ಸಿನಲ್ಲಿ ಏನೂ ಬದಲಾಗಿಲ್ಲ, ಆದರೆ ಅದು ನೆಚ್ಚಿಕೊಂಡ ಲೈಬ್ರರಿ ಬದಲಾದ್ದರಿಂದ ಮತ್ತೆ ಕಂಪೈಲ್ ಮಾಡಿದ್ದೇವೆ ಎಂಬುದಕ್ಕೆ ಅದು ಗುರುತು. 2038ರ ಜನವರಿ 19ರಂದು 32 ಬಿಟ್ಟಿನ ಗಡಿಯಾರ ತುಂಬಿ ಹರಿಯುತ್ತದಲ್ಲ, ಆ ಕಂಟಕ ನಿವಾರಿಸಲು 2024ರಲ್ಲಿ 32 ಬಿಟ್ ಆರ್ಮ್ ಯಂತ್ರಗಳ ಸಮಯದ ಅಳತೆಯನ್ನು 64 ಬಿಟ್ಟಿಗೆ ಏರಿಸಿದರು. ಒಂದು ಲೈಬ್ರರಿ ಬದಲಾದರೆ ಅದರ ಮೇಲೆ ನಿಂತದ್ದೆಲ್ಲ ಮರುಕಂಪೈಲ್ ಆಗಬೇಕು. ಬಿಲ್ಡ್‌ಡಿಗಳ ತಾಕತ್ತು ಗೊತ್ತಾಗುವುದು ಇಂಥ ಸಂದರ್ಭದಲ್ಲೇ.

ಒಂದು ವಿಷಯದಲ್ಲಿ ಮಾತ್ರ ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಯುನಿಕ್ಸ್ ಮಾದರಿಯ ವ್ಯವಸ್ಥೆಯವರ ಕ್ರಮ ನನಗೆ ಹೆಚ್ಚು ಇಷ್ಟ. 1997ರಲ್ಲಿ ಶುರುವಾದ ಅವರ ಪಿಕೆಜಿಎಸ್‌ಆರ್‌ಸಿ ಸಂಗ್ರಹವನ್ನು ಇಡಿಯಾಗಿ ಕಟ್ಟುವುದಕ್ಕೆ ಬಲ್ಕ್ ಬಿಲ್ಡ್ ಎನ್ನುತ್ತಾರೆ. 2007ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ರೂಪುಗೊಂಡ ಪಿಬಲ್ಕ್ ಮೊದಲು ಸಂಗ್ರಹವನ್ನೆಲ್ಲ ಜಾಲಾಡಿ ಯಾವುದಕ್ಕೆ ಯಾವುದು ಬೇಕೆಂದು ಲೆಕ್ಕ ಹಾಕುತ್ತದೆ, ಆಮೇಲೆ ಬುಡದಿಂದ ಕಟ್ಟುತ್ತ ಬರುತ್ತದೆ. ಕೊನೆಗೆ ಬರುವ ವರದಿ ನೋಡಬೇಕು: ಯಾವುದು ಒಡೆಯಿತು ಎಂಬುದರ ಪಕ್ಕದಲ್ಲೇ, ಅದೊಂದು ಒಡೆದದ್ದರಿಂದ ಇನ್ನೆಷ್ಟು ನಿಂತವು ಎಂಬ ಸಂಖ್ಯೆ. ಯಾವುದನ್ನು ಮೊದಲು ರಿಪೇರಿ ಮಾಡಬೇಕೆಂದು ಯಾರೂ ಹೇಳಬೇಕಾಗಿಲ್ಲ.

ಈಗ 2024ರ ಮಾರ್ಚಿಗೆ ಬರೋಣ. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಪುಟ್ಟ ತಂತ್ರಾಂಶದೊಳಗೆ ಕಳ್ಳಬಾಗಿಲು ಇಟ್ಟವನು ಗುರಿ ಮಾಡಿದ್ದು ಪ್ಯಾಕೇಜು ಕಟ್ಟುವ ಯಂತ್ರಗಳನ್ನೇ. ಸುಳ್ಳು ಹೆಸರಿನಲ್ಲಿ ವರ್ಷಗಳ ಕಾಲ ದುಡಿದು ವಿಶ್ವಾಸ ಗಳಿಸಿದ ಅವನು 5.6.0 ಮತ್ತು 5.6.1 ಆವೃತ್ತಿಗಳಲ್ಲಿ ವಿಷ ಬೆರೆಸಿದ. ಅದನ್ನು ಎಬ್ಬಿಸುವ ಸಾಲುಗಳು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿರಲಿಲ್ಲ, ಬಿಡುಗಡೆಯ ಟಾರ್ ಫೈಲಿನಲ್ಲಿ ಮಾತ್ರ ಇದ್ದವು. ಅವು ಮೊದಲು ಪರೀಕ್ಷಿಸುತ್ತಿದ್ದದ್ದು: ಇದು 64 ಬಿಟ್ ಇಂಟೆಲ್ ಮಾದರಿಯ ಲಿನಕ್ಸ್ ಯಂತ್ರವೇ, ಈಗ ಡೆಬ್ ಅಥವಾ ಆರ್‌ಪಿಎಂ ಕಟ್ಟುತ್ತಿದ್ದಾರೆಯೇ? ಹೌದಾದರೆ ಮಾತ್ರ ಕೆಲಸ ಶುರು. ಒಂದು ಬಿಲ್ಡ್ ಯಂತ್ರ ಸಾಕು, ಲಕ್ಷಾಂತರ ಸರ್ವರುಗಳಿಗೆ ದಾರಿಯಾಗುತ್ತಿತ್ತು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಡೆಬಿಯನ್ನಿನ ಪ್ರಯೋಗದ ಶಾಖೆಗಳಿಗೆ ಅದು ಆಗಲೇ ಬಂದಿತ್ತು, ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ಏಪ್ರಿಲ್‌ನಲ್ಲಿ ಬರಬೇಕಿದ್ದ 12.6 ಪರಿಷ್ಕರಣೆಯನ್ನೇ ಮುಂದಕ್ಕೆ ಹಾಕಬೇಕಾಯಿತು.

ಬೈನರಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆಯನ್ನು ಕೆನ್ ಥಾಂಪ್ಸನ್ 1983ರಲ್ಲೇ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಎತ್ತಿದ್ದರು. ಕಂಪೈಲರಿಗೇ ಕಳ್ಳತನ ಕಲಿಸಿದರೆ ಸೋರ್ಸ್ ಎಷ್ಟು ಓದಿದರೂ ಪ್ರಯೋಜನವಿಲ್ಲ ಎಂದು ತೋರಿಸಿದ್ದರು. ಡೆಬಿಯನ್ 2013ರಲ್ಲಿ ಇದಕ್ಕೆ ಕೈಹಾಕಿತು. ಒಂದೇ ಸೋರ್ಸನ್ನು ಯಾರು, ಎಲ್ಲಿ, ಯಾವಾಗ ಕಟ್ಟಿದರೂ ಬಿಟ್ಟಿಗೆ ಬಿಟ್ ಒಂದೇ ಪ್ಯಾಕೇಜು ಬರಬೇಕು. ಕೇಳುವುದಕ್ಕೆ ಸುಲಭ. ಆದರೆ ಕಟ್ಟಿದ ತಾರೀಕು, ಫೋಲ್ಡರಿನ ಹೆಸರು, ಫೈಲುಗಳ ಅನುಕ್ರಮ, ಯಂತ್ರದ ಭಾಷಾ ಸೆಟ್ಟಿಂಗ್, ಹೀಗೆ ಏನೇನೋ ಬೈನರಿಯೊಳಗೆ ನುಸುಳುತ್ತವೆ. ತಾರೀಕಿಗೆ ಅವರು ಕಂಡುಕೊಂಡ ಉಪಾಯ ಸೊಗಸಾಗಿದೆ: ಗೋಡೆಯ ಗಡಿಯಾರ ನೋಡಬೇಡಿ, ಪ್ಯಾಕೇಜಿನ ಬದಲಾವಣೆ ದಾಖಲೆಯ ಕೊನೆಯ ದಿನಾಂಕವನ್ನೇ ಹಾಕಿ. ಲೂನಾರ್ ಎಂದೇ ಪರಿಚಿತರಾಗಿದ್ದ, ಈ ಕೆಲಸಕ್ಕೆ ಚಾಲನೆ ಕೊಟ್ಟ ಜೆರೆಮಿ ಬಾಬಿಯೊ 2024ರ ನವೆಂಬರಿನಲ್ಲಿ ತೀರಿಕೊಂಡರು. ಇಂದು ಸಾವಿರಾರು ಪ್ಯಾಕೇಜುಗಳನ್ನು ಬೇರೆಯವರೂ ಕಟ್ಟಿ ತಾಳೆ ನೋಡಬಹುದೆಂದರೆ ಅದರಲ್ಲಿ ಅವರ ಶ್ರಮ ದೊಡ್ಡದು. ಎಕ್ಸ್‌ಝೆಡ್‌ನಲ್ಲಿ ವಿಷ ಸೋರ್ಸಿನ ಜೊತೆಗೇ ಬಂದಿತ್ತಾದ್ದರಿಂದ ಇದೊಂದೇ ಅದನ್ನು ತಡೆಯುತ್ತಿರಲಿಲ್ಲ, ನಿಜ. ಸೋರ್ಸ್ ಓದುವ ಕಣ್ಣುಗಳು ಬೇಕೇ ಬೇಕು. ಆದರೆ ಬಿಲ್ಡ್ ಯಂತ್ರದೊಳಗೇ ಯಾರಾದರೂ ಕೈಯಾಡಿಸಿದರೆ ಅದನ್ನು ಹಿಡಿಯಲು ಇದಕ್ಕಿಂತ ಗಟ್ಟಿ ಮಾರ್ಗ ನಾನು ಕಂಡಿಲ್ಲ.

ಕಟ್ಟಿದ್ದನ್ನು ಹಂಚುವ ಕೆಲಸ ಮಿರರ್‌ಗಳದು, ಅಂದರೆ ಮೂಲ ಭಂಡಾರದ ಪ್ರತಿ ಇಟ್ಟುಕೊಂಡ ಸರ್ವರುಗಳದು. ಇಲ್ಲಿ ನಂಬಿಕೆಯ ಭಾರ ಮಿರರಿನ ಮೇಲೆ ಬೀಳುವುದಿಲ್ಲ. ಸಹಿ ಇರುವ ರಿಲೀಸ್ ಫೈಲು ಪ್ಯಾಕೇಜುಗಳ ಪಟ್ಟಿಯ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೇಳುತ್ತದೆ, ಪಟ್ಟಿ ಪ್ರತಿ ಡೆಬ್‌ನ ಹ್ಯಾಶ್ ಹೇಳುತ್ತದೆ. ನಡುವೆ ಯಾರಾದರೂ ಒಂದು ಬೈಟ್ ತಿದ್ದಿದರೂ ನಿಮ್ಮ ಯಂತ್ರ ಅದನ್ನು ಹಾಕಿಕೊಳ್ಳದು. ಮೂಲ ಭಂಡಾರ ದಿನಕ್ಕೆ ನಾಲ್ಕು ಸಲ ನವೀಕರಣವಾಗುತ್ತದೆ. ಮಿರರ್ ಪ್ರತಿ ಮಾಡಿಕೊಳ್ಳುವುದು ಎರಡು ಹಂತದಲ್ಲಿ: ಮೊದಲು ಪ್ಯಾಕೇಜುಗಳು, ಆಮೇಲೆ ಪಟ್ಟಿ. ತಿರುಗುಮುರುಗಾದರೆ ಪಟ್ಟಿಯಲ್ಲಿದ್ದದ್ದು ಭಂಡಾರದಲ್ಲಿ ಸಿಗದೆ ಜನ ಪರದಾಡುತ್ತಾರೆ.

ಡೆಬಿಯನ್ ನಮಗೇನೂ ದೂರದ್ದಲ್ಲ, 2023ರ ಸೆಪ್ಟೆಂಬರಿನಲ್ಲಿ ಅದರ ವಾರ್ಷಿಕ ಸಮ್ಮೇಳನ ನಮ್ಮ ನೆರೆಯ ಕೊಚ್ಚಿಯಲ್ಲೇ ನಡೆಯಿತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವರಲ್ಲಿ ಈ ಮಿರರ್‌ಗಳ ವಿಷಯದಲ್ಲಿ ನನ್ನದೊಂದು ಕೋರಿಕೆ. ನಿಮ್ಮಲ್ಲಿ ಒಳ್ಳೆಯ ಇಂಟರ್ನೆಟ್ ಇದೆ, ಕೆಲವು ಟೆರಾಬೈಟ್ ಡಿಸ್ಕ್ ಈಗ ದೊಡ್ಡ ಖರ್ಚಲ್ಲ. ಎಲ್ಲ ಆರ್ಕಿಟೆಕ್ಚರ್ ಬೇಡ, ಎಎಂಡಿ64 ಮತ್ತು ಆರ್ಮ್64 ಎರಡೇ ಇಟ್ಟುಕೊಂಡರೂ ಆಗುತ್ತದೆ. ಡೆಬಿಯನ್ನಿನವರೇ ಕೊಡುವ ಎಫ್‌ಟಿಪಿಸಿಂಕ್ ಬಳಸಿ ಒಂದು ಮಿರರ್ ನಡೆಸಿ, ಅದರ ಉಸ್ತುವಾರಿಯನ್ನು ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ವಹಿಸಿ.